ಸ್ವಪರಿಚಯ: ಎಂಜಿನಿಯರಿಂಗ್ ಪ್ರಥಮ ವರ್ಷದ ವಿದ್ಯಾರ್ಥಿಗೊಂದು ಪಾಠ

ತನ್ನನ್ನು ತಾನು ಪರಿಚಯಿಸಿಕೊಳ್ಳಬೇಕಾದ ಸಂದರ್ಭಗಳು ಮನುಷ್ಯನ ಬಾಳಿನಲ್ಲಿ ಹಲವು ಬಾರಿ ಒದಗುತ್ತವೆ. ಅವುಗಳಲ್ಲಿ ಎಂಜಿನಿಯರಿಂಗ್ ಕಾಲೇಜಿನ ಮೊದಲ ವಾರದಲ್ಲಿ ಒದಗುವ ಸಂದರ್ಭವು ನೋಡುವುದಕ್ಕೆ ಬಹು ಚಿಕ್ಕದು. ಎರಡು ನಿಮಿಷಗಳಲ್ಲಿ ಮುಗಿದು ಹೋಗತಕ್ಕದ್ದು. ಅಧ್ಯಾಪಕರು ತರಗತಿಗೆ ಬಂದು, ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರಾಗಿ ಎದ್ದು ನಿಂತು ಪರಿಚಯ ಹೇಳಿಕೊಳ್ಳಬೇಕೆಂದೂ ತಮ್ಮ ಆಸಕ್ತಿಗಳನ್ನು ತಿಳಿಸಬೇಕೆಂದೂ ಸೂಚಿಸುತ್ತಾರೆ. ಆಗ ಬಹುಮಂದಿ ವಿದ್ಯಾರ್ಥಿಗಳ ಬಾಯಿಂದ ಒಂದೇ ಬಗೆಯ ಉತ್ತರ ಹೊರಡುತ್ತದೆ: ಹೆಸರು, ಊರು, ಪಿ.ಯು.ಸಿ.ಯ ಶೇಕಡಾವಾರು ಅಂಕ, ಸಿ.ಇ.ಟಿ.ಯ ರ‍್ಯಾಂಕು; ಹವ್ಯಾಸವೆಂದರೆ ಕ್ರಿಕೆಟ್ ಆಡುವುದು, ಹಾಡು ಕೇಳುವುದು, ಪುಸ್ತಕ ಓದುವುದು. ಕನ್ನಡ ಶಾಲೆಯಲ್ಲಿ ಓದಿ, ಮಠದ ಉಚಿತ ಪ್ರಸಾದ ನಿಲಯದಲ್ಲೋ ಸರಕಾರದ ವಸತಿ ನಿಲಯದಲ್ಲೋ ಉಂಡು ಬೆಳೆದು, ಅದೇ ಮೊದಲ ಬಾರಿಗೆ ದೊಡ್ಡ ಪಟ್ಟಣಕ್ಕೆ ಬಂದ ಹುಡುಗನ ಉತ್ತರವಾದರೋ ಇದಕ್ಕಿಂತಲೂ ಕಿರಿದು. ಅವನು ಹೆಸರನ್ನು ಹೇಳಿ, ಊರಿನ ಬದಲು ಜಿಲ್ಲಾ ಕೇಂದ್ರದ ಹೆಸರನ್ನು ಹೇಳಿ, ಶಾಲೆಯ ಮಾತನ್ನು ಎತ್ತದೆ, ಬೇಗನೆ ಕುಳಿತುಬಿಡುತ್ತಾನೆ.

ಹೀಗೆ ಬೇಗನೆ ಕುಳಿತುಬಿಡುವುದರಲ್ಲಿ ಆಗುವ ನಷ್ಟವು ಹೊರಗೆ ಕಾಣಿಸುವಂಥದಲ್ಲ. ಎದ್ದು ನಿಂತಾಗ ತನ್ನ ಊರನ್ನು ಮುಚ್ಚಿಟ್ಟವನು ಮುಂದೆ ತನ್ನ ಸಂದೇಹವನ್ನೂ ಮುಚ್ಚಿಡುತ್ತಾನೆ. ಗಣಿತದ ತರಗತಿಯಲ್ಲಿ ಒಂದು ಹೆಜ್ಜೆ ತಿಳಿಯದಿದ್ದರೆ ಕೈ ಎತ್ತುವುದಿಲ್ಲ. ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಮುಟ್ಟದೆ ಇನ್ನೊಬ್ಬನು ಬರೆದ ಅಂಕಿಗಳನ್ನು ನಕಲು ಮಾಡಿಕೊಳ್ಳುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಹಿಂದೆ ಬೀಳುವವರಲ್ಲಿ ಬುದ್ಧಿ ಕಡಿಮೆಯಾಗಿ ಹಿಂದೆ ಬಿದ್ದವರಿಗಿಂತ ಕೇಳಲು ನಾಚಿ ಹಿಂದೆ ಬಿದ್ದವರೇ ಹೆಚ್ಚೆಂದು ಬೋಧಿಸಿದವರೆಲ್ಲ ಬಲ್ಲರು. ಆದುದರಿಂದ ಸ್ವಪರಿಚಯವನ್ನು ಒಂದು ಶಿಷ್ಟಾಚಾರವೆಂದು ತಿಳಿಯದೆ, ಒಂದು ಪಾಠವೆಂದೇ ತಿಳಿದು ಅಭ್ಯಾಸ ಮಾಡುವುದು ಅವಶ್ಯವಾಗಿದೆ.

ಮೊದಲಿಗೆ ಭಾಷೆಯ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಯು ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿರುತ್ತಾನೆ. ಆದರೆ ಆ ಎರಡು ವರ್ಷಗಳಲ್ಲಿ ಓದಿದ್ದು ಬರೆಯುವುದಕ್ಕೆ. ನಾಲ್ಕು ಜನರೆದುರು ಆಡುವುದಕ್ಕಲ್ಲ. ಆಡುವ ಸಂದರ್ಭ ಬಂದಾಗ ಅವನು ‘ಮೈಸೆಲ್ಫ್’ ಎಂದು ಆರಂಭಿಸಿ ಹೆಸರನ್ನು ಸೇರಿಸುತ್ತಾನೆ. ಈ ಪ್ರಯೋಗ ನಾಡಿನಲ್ಲೆಲ್ಲ ಹಬ್ಬಿದೆ. ಪಟ್ಟಣದ ಕಾನ್ವೆಂಟುಗಳಲ್ಲಿ ಓದಿದವರೂ ಇದನ್ನು ಬಿಟ್ಟಿಲ್ಲ. ಇಂಗ್ಲಿಷಿನ ಜಾಯಮಾನಕ್ಕೆ ಇದು ಒಗ್ಗುವುದಿಲ್ಲ. ‘ಐ ಆ್ಯಮ್’ ಎಂದೋ ‘ಮೈ ನೇಮ್ ಈಸ್’ ಎಂದೋ ಆರಂಭಿಸಿದರೆ ಸಾಕು. ಸರಳವಾದ ಐದಾರು ವಾಕ್ಯಗಳನ್ನು ಮೊದಲೇ ಬರೆದುಕೊಂಡು, ಗಟ್ಟಿಯಾಗಿ ಹತ್ತು ಸಾರಿ ಓದಿಕೊಂಡು ಹೋದರೆ ಭಯ ಅರ್ಧಕ್ಕೆ ಇಳಿಯುತ್ತದೆ. ಬಾಯಿಪಾಠ ಬೇರೆ, ಸಿದ್ಧತೆ ಬೇರೆ. ಉಳಿದರ್ಧ ಭಯವನ್ನು ಕಳೆಯುವುದು ವ್ಯಾಕರಣವಲ್ಲ, ಹೇಳತಕ್ಕ ವಿಷಯ. ಹೇಳುವುದಕ್ಕೆ ತನ್ನದೇ ಆದ ವಿಷಯವಿದ್ದವನು ನಾಲ್ಕು ತಪ್ಪುಗಳ ನಡುವೆಯೂ ಅದನ್ನು ತಲುಪಿಸಬಲ್ಲನು.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ 1ರಿಂದ 10ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟೂ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15ರಷ್ಟೂ ಸ್ಥಾನಗಳನ್ನು ಮೀಸಲಿಡಲಾಗಿದೆ. ಈ ಸ್ಥಾನಗಳ ಮೂಲಕ ಬಂದ ಕೆಲವರು ಆ ಸಂಗತಿಯನ್ನು ಗುಟ್ಟಾಗಿಡಲು ಯತ್ನಿಸುವುದುಂಟು. ಎಲ್ಲರೆದುರು ಅದನ್ನು ಸಾರಬೇಕಾದ ಅಗತ್ಯವೇನೂ ಇಲ್ಲ, ನಿಜ. ಆದರೆ ನಾಚಿಕೆಯಿಂದ ಮುಚ್ಚಿಡುವ ಅಗತ್ಯವೂ ಇಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ವಿದ್ಯಾರ್ಥಿಗೆ ಆ ವ್ಯವಸ್ಥೆ ಕೊಟ್ಟದ್ದು ಪ್ರವೇಶವನ್ನು ಮಾತ್ರ. ಪರೀಕ್ಷೆಯಲ್ಲಿ ಅವನಿಗೆ ಬೇರೆ ಪ್ರಶ್ನಪತ್ರಿಕೆ ಇರುವುದಿಲ್ಲ.

ಇನ್ನು ಆಸಕ್ತಿಯ ವಿಚಾರ. ಈ ಪಾಠದ ತಿರುಳು ಇಲ್ಲಿಯೇ ಇದೆ. ಹವ್ಯಾಸವೂ ಆಸಕ್ತಿಯೂ ಒಂದೇ ಅಲ್ಲ. ಬಿಡುವಿನ ವೇಳೆಯನ್ನು ಹಿತವಾಗಿ ಕಳೆಯುವುದು ಹವ್ಯಾಸ. ಬಿಡುವಿಲ್ಲದಾಗಲೂ ಮನಸ್ಸನ್ನು ಬಿಡದೆ ಕಾಡುವುದು ಆಸಕ್ತಿ. ಕ್ರಿಕೆಟ್ ಆಡುತ್ತೇನೆಂದು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಕೇಳಿದ ಅಧ್ಯಾಪಕರಿಗೆ ಆ ವಿದ್ಯಾರ್ಥಿಯ ವಿಷಯವಾಗಿ ಹೊಸದೇನೂ ತಿಳಿಯುವುದಿಲ್ಲ. ‘ಯಂತ್ರಗಳಲ್ಲಿ ಆಸಕ್ತಿ’, ‘ಹೊಸ ತಂತ್ರಜ್ಞಾನದಲ್ಲಿ ಆಸಕ್ತಿ’, ‘ಕೃತಕ ಬುದ್ಧಿಮತ್ತೆಯಲ್ಲಿ ಆಸಕ್ತಿ’ ಎಂಬ ಮಾತುಗಳೂ ಅಷ್ಟೇ. ಅವು ತುಂಬಿದ ಮಾತುಗಳಂತೆ ಕಂಡರೂ ಒಳಗೆ ಟೊಳ್ಳು. ಯಾವ ಯಂತ್ರ? ಎಲ್ಲಿ ಕಂಡದ್ದು? ಅದರಲ್ಲಿ ಅರ್ಥವಾಗದೆ ಉಳಿದದ್ದೇನು? ಈ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದು ಆಸಕ್ತಿ. ಇಲ್ಲದಿದ್ದರೆ ಅದು ಬರಿಯ ಹೆಸರು.

ಈ ದೃಷ್ಟಿಯಿಂದ ನೋಡಿದರೆ ಹಳ್ಳಿಯಿಂದ ಬಂದ ವಿದ್ಯಾರ್ಥಿಯು ಬರಿಗೈಯಲ್ಲಿ ಬಂದವನಲ್ಲ. ಇಳಕಲ್ಲಿನ ಹುಡುಗಿಯು ಮಗ್ಗದ ಕುಣಿಯ ಪಕ್ಕದಲ್ಲಿಯೇ ಆಡಿ ಬೆಳೆದಿರುತ್ತಾಳೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆಗಳಿಂದ ಜೋಡಿಸುವ ಕೈಚಳಕವನ್ನು ಕಂಡಿರುತ್ತಾಳೆ. ಕಬ್ಬಿನ ಸೀಮೆಯ ಹುಡುಗನಿಗೆ ಗಾಣದ ಉರುಳೆಗಳ ನಡುವಣ ಅಂತರವನ್ನು ಎಷ್ಟಿಟ್ಟರೆ ರಸ ಹೆಚ್ಚು ಬರುವುದೆಂದು ಗೊತ್ತಿರುತ್ತದೆ. ಕೆರೆಯ ಕೆಳಗೆ ಭೂಮಿಯುಳ್ಳವರ ಮಕ್ಕಳು ತೂಬಿನಿಂದ ನೀರು ಬಿಡುವುದನ್ನು ನೋಡಿ ಬಲ್ಲರು. ಇವೆಲ್ಲ ಎಂಜಿನಿಯರಿಂಗ್ ವಿಷಯಗಳೆಂದು ಆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಕೊಳವೆ ಬಾವಿಗಳಿಂದ ನೀರಾವರಿ ನಡೆಯುವ ಊರುಗಳಲ್ಲಿ ಟಿ.ಸಿ. ಸುಡುವುದು ಎಲ್ಲರೂ ಬಲ್ಲ ಸಂಗತಿ. ಟಿ.ಸಿ. ಎಂದು ರೈತರು ಕರೆಯುವ ಈ ವಿದ್ಯುತ್ ಪರಿವರ್ತಕವು 11,000 ವೋಲ್ಟುಗಳ ವಿದ್ಯುತ್ತನ್ನು ಪಂಪುಗಳಿಗೆ ತಕ್ಕುದಾದ 433 ವೋಲ್ಟುಗಳಿಗೆ ಇಳಿಸಿಕೊಡುತ್ತದೆ. ಅದು ಸುಟ್ಟರೆ ಹೊಸದು ಬರುವವರೆಗೆ ನೀರಿಲ್ಲ, ಬೆಳೆ ಒಣಗುತ್ತದೆ, ಮನೆಯಲ್ಲಿ ಆ ವರ್ಷದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಂಥ ಮನೆಯಿಂದ ಬಂದ ವಿದ್ಯಾರ್ಥಿಗೆ ಅದೇಕೆ ಸುಡುತ್ತದೆಂದು ತಿಳಿಯುವ ಹಂಬಲವಿದ್ದರೆ, ಅದಕ್ಕಿಂತ ದೊಡ್ಡ ಆಸಕ್ತಿಯನ್ನು ಬೇರೆಲ್ಲಿಂದಲೋ ಎರವಲು ತರಬೇಕಾಗಿಲ್ಲ.

ಲೆಕ್ಕವನ್ನು ಪ್ರಥಮ ವರ್ಷದ ವಿದ್ಯಾರ್ಥಿಯೇ ಮಾಡಬಹುದು. 25 ಕೆ.ವಿ.ಎ. ಸಾಮರ್ಥ್ಯದ ಪರಿವರ್ತಕವು ಪೂರ್ಣ ಭಾರದಲ್ಲಿ ಪ್ರತಿ ತಂತಿಯಲ್ಲಿ ಸುಮಾರು 33 ಆ್ಯಂಪಿಯರ್ ವಿದ್ಯುತ್ಪ್ರವಾಹವನ್ನು ಕೊಡಬಲ್ಲುದು. 5 ಅಶ್ವಶಕ್ತಿಯ ಒಂದು ಪಂಪು ಓಡುತ್ತಿರುವಾಗ ಸುಮಾರು 8 ಆ್ಯಂಪಿಯರ್ ಎಳೆಯುತ್ತದೆ. ಅಂದಮೇಲೆ ನಾಲ್ಕು ಪಂಪುಗಳಾದರೆ 32, ಸರಿಹೋಯಿತು. ಆದರೆ ನಿಂತಿರುವ ಮೋಟಾರು ಮೊದಲು ತಿರುಗತೊಡಗುವಾಗ, ಓಡುವಾಗ ಎಳೆಯುವುದರ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಒಂದೊಂದಾಗಿ ಹೊರಟರೆ ಕೆಲವು ಕ್ಷಣಗಳ ಮಾತಾದುದರಿಂದ ಪರಿವರ್ತಕ ಅದನ್ನು ತಾಳಿಕೊಳ್ಳುತ್ತದೆ. ನಾಲ್ಕೂ ಒಟ್ಟಿಗೆ ಹೊರಟರೆ? 33 ಕೊಡಬಲ್ಲ ಪರಿವರ್ತಕದಿಂದ 160ರಿಂದ 190 ಆ್ಯಂಪಿಯರ್‌ಗಳ ಬೇಡಿಕೆ! ಆಗ ವೋಲ್ಟೇಜು ಕುಸಿಯುತ್ತದೆ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, ವೋಲ್ಟೇಜು ಮುಕ್ಕಾಲು ಪಾಲಿಗೆ ಇಳಿದರೆ ತಿರುಗುಬಲವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಲ ಸಾಲದೆ ಮೋಟಾರು ವೇಗವನ್ನು ಪಡೆಯಲು ತಡಮಾಡುತ್ತದೆ. ತಡವಾದಷ್ಟೂ ಆ ಹೆಚ್ಚಿನ ಪ್ರವಾಹ ಮುಂದುವರಿಯುತ್ತದೆ. ಸುರುಳಿಗಳಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇಂಥ ವೇಳೆಗೆ ಕರಗಿ ಕಾಪಾಡಲೆಂದು ಫ್ಯೂಸ್ ಇದೆ. ಪದೇ ಪದೇ ಕರಗುವ ಫ್ಯೂಸಿನ ಕಾಟ ತಾಳಲಾರದೆ ಯಾರೋ ಅಲ್ಲಿ ದಪ್ಪ ತಂತಿ ಕಟ್ಟಿರುತ್ತಾರೆ. ಕೊನೆಗೆ ಕರಗುವುದು ಫ್ಯೂಸ್ ಅಲ್ಲ, ಪರಿವರ್ತಕದೊಳಗಿನ ನಿರೋಧಕ ಹೊದಿಕೆ.

ನಾಲ್ಕೂ ಪಂಪುಗಳು ಒಟ್ಟಿಗೆ ಏಕೆ ಹೊರಡುತ್ತವೆ ಎಂದು ಕೇಳಿದರೆ ವಿಷಯ ತಂತಿ ಕಂಬಗಳಿಂದ ಮನುಷ್ಯರ ಬಳಿಗೆ ಬರುತ್ತದೆ. ಪಂಪಿಗೆ ಬೇಕಾದ ಮೂರು ಫೇಸ್ ವಿದ್ಯುತ್ತು ಎಷ್ಟೋ ಕಡೆ ಬರುವುದು ಸರದಿಯ ಮೇಲೆ. ಸರದಿ ರಾತ್ರಿಗೆ ಬಿದ್ದರೆ ಕತ್ತಲಲ್ಲಿ ಹೊಲಕ್ಕೆ ಹೋಗಿ ಗುಂಡಿ ಒತ್ತಬೇಕು. ಹಾವು ಚೇಳುಗಳ ಭಯ, ನಿದ್ದೆಯ ಕೇಡು. ಅದನ್ನು ತಪ್ಪಿಸಲು ರೈತನು ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ವಿದ್ಯುತ್ತು ಬಂದೊಡನೆ ಪಂಪು ತಾನಾಗಿ ಹೊರಡುತ್ತದೆ. ಒಬ್ಬನು ಮಾಡಿದರೆ ಅದು ಜಾಣತನ. ಎಲ್ಲರೂ ಮಾಡಿದಾಗ ಎಲ್ಲ ಪಂಪುಗಳೂ ಒಂದೇ ಕ್ಷಣಕ್ಕೆ ಹೊರಟು ಎಲ್ಲರ ಪರಿವರ್ತಕವೂ ಸುಡುತ್ತದೆ. ಪಟ್ಟಣದಲ್ಲಿ ಕುಳಿತು ರೈತರ ಅಜ್ಞಾನವನ್ನು ಹಳಿಯುವವರು ಈ ಲೆಕ್ಕವನ್ನು ಮಾಡಿರುವುದಿಲ್ಲ; ಹೊಲದಲ್ಲಿ ನಿಂತವರಿಗೆ ಲೆಕ್ಕದ ಸೂತ್ರ ಸಿಕ್ಕಿರುವುದಿಲ್ಲ. ಎರಡನ್ನೂ ಬಲ್ಲ ಸ್ಥಾನದಲ್ಲಿ ನಿಂತಿರುವವನು ಆ ಊರಿನಿಂದ ಬಂದ ವಿದ್ಯಾರ್ಥಿ. ಊರಿನ ಹೆಸರನ್ನು ಮುಚ್ಚಿಟ್ಟರೆ ಆ ಸ್ಥಾನವೇ ಕೈತಪ್ಪುತ್ತದೆ.

ತರಗತಿಯಲ್ಲಿ ತನ್ನಂಥವರು ಬೇರೆ ಯಾರೂ ಇಲ್ಲವೆಂಬ ಅಳುಕು ಹೊಸದೇನಲ್ಲ. ಕನ್ನಡ ನಾಡಿನ ವಿದ್ಯಾರ್ಥಿಗಳು ಎಂಜಿನಿಯರಿಂಗ್ ಕಲಿಯಲು ಹೊರಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1883ರಲ್ಲಿ ಅಲ್ಲಿಯ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1917ರಲ್ಲಿ ಬೆಂಗಳೂರಿನಲ್ಲಿ ಅವರ ಪ್ರಯತ್ನದಿಂದ ಕಾಲೇಜು ಆರಂಭವಾಯಿತು. ಬಳಿಕ 1946ರಲ್ಲಿ ಮೈಸೂರು, 1947ರಲ್ಲಿ ಹುಬ್ಬಳ್ಳಿ, 1958ರಲ್ಲಿ ಕಲಬುರಗಿ, 1963ರಲ್ಲಿ ತುಮಕೂರು ಮತ್ತು ಬಾಗಲಕೋಟೆ, ಹೀಗೆ ಒಂದೊಂದಾಗಿ ಕಾಲೇಜುಗಳು ಹಳ್ಳಿಗಳ ಸಮೀಪಕ್ಕೆ ಬಂದವು. ಮಠಗಳೂ ವಿದ್ಯಾಸಂಸ್ಥೆಗಳೂ ಅವುಗಳಲ್ಲಿ ಹಲವನ್ನು ಕಟ್ಟಿದುವು.

ಇವೆಲ್ಲಕ್ಕಿಂತ ಮನಮುಟ್ಟುವ ಪ್ರಸಂಗ ಮದರಾಸಿನದು. ಅಯ್ಯಲಸೋಮಯಾಜುಲ ಲಲಿತಾ ಎಂಬವರು 1919ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮದುವೆಯಾಗಿ, 18ನೆಯ ವಯಸ್ಸಿನಲ್ಲಿ ಕೈಗೂಸಿನೊಡನೆ ವಿಧವೆಯಾದರು. ಮಗಳನ್ನು ಸಾಕಿಕೊಂಡು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂಬುದು ಅವರ ಸಂಕಲ್ಪ. ಅವರ ತಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಪ್ರಾಧ್ಯಾಪಕರು. ಆವರೆಗೆ ಗಂಡಸರೇ ಓದುತ್ತಿದ್ದ ಆ ಕಾಲೇಜಿಗೆ 1940ರಲ್ಲಿ ಆಕೆ ಪ್ರವೇಶ ಪಡೆದರು. ಅಂದು ಪ್ರಥಮ ವರ್ಷದ ತರಗತಿಯಲ್ಲಿ ಎದ್ದು ನಿಂತು ತಮ್ಮನ್ನು ಹೇಳಿಕೊಳ್ಳುವುದು ಆಕೆಗೆ ಎಷ್ಟು ಕಠಿಣವಾಗಿದ್ದೀತೆಂದು ಊಹಿಸಬಹುದು. ಸಿವಿಲ್ ವಿಭಾಗಕ್ಕೆ ಇನ್ನಿಬ್ಬರು ಹೆಣ್ಣುಮಕ್ಕಳು ಬಂದದ್ದು ಅವರಿಗೆ ಆಸರೆಯಾಯಿತು. ಪದವಿ ಪತ್ರದಲ್ಲಿ ‘ಅವನು’ ಎಂಬರ್ಥದ ಇಂಗ್ಲಿಷ್ ಪದವೇ ಅಚ್ಚಾಗಿದ್ದುದರಿಂದ, ಅದನ್ನು ಹೊಡೆದು ಹಾಕಿ ‘ಅವಳು’ ಎಂದು ತಿದ್ದಿ ಕೊಡಬೇಕಾಯಿತು. ಮುಂದೆ ಲಲಿತಾ ಅವರು ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕೆಲಸಗಳಲ್ಲಿ ಪಾಲ್ಗೊಂಡರು. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿ ಬಂದರು. ಅಚ್ಚಾದ ನಮೂನೆಯಲ್ಲಿ ತನಗೆ ಜಾಗವಿಲ್ಲದಿದ್ದರೆ ತಿದ್ದಬೇಕಾದದ್ದು ನಮೂನೆಯನ್ನು.

ಪರಿಚಯದ ಹೆಸರಿನಲ್ಲಿ ನಡೆಯುವ ಇನ್ನೊಂದು ವ್ಯವಹಾರದ ವಿಷಯದಲ್ಲಿ ಎಚ್ಚರ ಅವಶ್ಯ. ವಸತಿ ನಿಲಯಗಳಲ್ಲಿ ಹಿರಿಯ ವಿದ್ಯಾರ್ಥಿಗಳು ರಾತ್ರಿ ಹೊತ್ತು ಕಿರಿಯರನ್ನು ನಿಲ್ಲಿಸಿ, ತಲೆ ತಗ್ಗಿಸಿ ಪರಿಚಯ ಹೇಳಬೇಕೆಂದು ಪೀಡಿಸುವುದು ಪರಿಚಯವಲ್ಲ, ರ‍್ಯಾಗಿಂಗ್. ಕರ್ನಾಟಕ ಶಿಕ್ಷಣ ಕಾಯಿದೆ, 1983 ಇದನ್ನು ನಿಷೇಧಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಇದರ ವಿರುದ್ಧ ಕಟ್ಟುನಿಟ್ಟಾದ ನಿಯಮಗಳನ್ನು ಹೊರಡಿಸಿದೆ. ಅಂಥಲ್ಲಿ ಮೌನವಾಗಿ ಸಹಿಸದೆ ನಿಲಯಪಾಲಕರಿಗೆ ತಿಳಿಸುವುದು ಹೇಡಿತನವಾಗದು.

ಅಧ್ಯಾಪಕರ ಮುಂದಣ ಪರಿಚಯಕ್ಕಾದರೋ ಈಗ ಅವಕಾಶ ಹಿಂದಿಗಿಂತ ಹೆಚ್ಚಿದೆ. 2017ರಿಂದೀಚೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಹೊಸ ವಿದ್ಯಾರ್ಥಿಗಳಿಗೆ ಮೂರು ವಾರಗಳ ಪ್ರವೇಶ ಕಾರ್ಯಕ್ರಮವನ್ನು ಗೊತ್ತುಪಡಿಸಿದೆ. ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ ಒಬ್ಬೊಬ್ಬ ಮಾರ್ಗದರ್ಶಿ ಅಧ್ಯಾಪಕರಿಗೆ ಒಪ್ಪಿಸಬೇಕೆಂಬುದು ಅದರಲ್ಲಿ ಸೇರಿದೆ. 2021ರಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿ ಪಡೆದ ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದಾಯಿತು. ಆದರೂ ಬಹುಪಾಲು ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿದೆಯಾದ್ದರಿಂದ, ಕನ್ನಡ ಶಾಲೆಯ ವಿದ್ಯಾರ್ಥಿಯು ಒಂದು ನೋಟುಬುಕ್ಕಿನಲ್ಲಿ ಎರಡು ಕಾಲಂ ಮಾಡಿ, ಒಂದರಲ್ಲಿ ಘರ್ಷಣೆ, ರೋಧ, ವಿಭವಾಂತರ, ಸಾಂದ್ರತೆ ಎಂದು ತಾನು ಕಲಿತ ಪದಗಳನ್ನೂ ಎದುರಿಗೆ ಅವುಗಳ ಇಂಗ್ಲಿಷ್ ರೂಪಗಳನ್ನೂ ಬರೆಯುತ್ತ ಹೋಗುವುದು ಉಪಯುಕ್ತ. ಎರಡು ತಿಂಗಳಲ್ಲಿ ಆ ಪುಸ್ತಕದ ಅಗತ್ಯವೇ ಬೀಳದು. ವಿಷಯ ಮೊದಲೇ ಗೊತ್ತಿರುತ್ತದೆಯಲ್ಲ!

ತಾನು ಬಯಸಿದ ವಿಭಾಗ ಸಿಗದೆ ರ‍್ಯಾಂಕಿಗೆ ಸಿಕ್ಕಿದ ವಿಭಾಗಕ್ಕೆ ಬಂದವನು ಏನು ಹೇಳಬೇಕೆಂಬ ಪ್ರಶ್ನೆಯೂ ಉಂಟು. ಚಿಕ್ಕಂದಿನಿಂದಲೂ ಇದೇ ವಿಭಾಗದ ಕನಸು ಕಂಡೆನೆಂದು ಕಟ್ಟಿ ಹೇಳುವುದು ಬೇಡ. ಸಿಕ್ಕಿದ್ದು ಇದು, ಇದರಲ್ಲಿ ತಿಳಿಯಬೇಕೆಂದಿರುವುದು ಇಂಥದು ಎಂದರೆ ಸಾಕು.

ಹಾಗಾದರೆ ಒಂದು ಒಳ್ಳೆಯ ಪರಿಚಯ ಹೇಗಿರಬೇಕು? ಮಾದರಿಗೊಂದನ್ನು ಕೊಡುವುದಾದರೆ, ವಿದ್ಯಾರ್ಥಿಯು ಹೀಗೆ ಹೇಳಬಹುದು:

“ನನ್ನ ಊರು ಜಿಲ್ಲಾ ಕೇಂದ್ರದಿಂದ ಮೂವತ್ತು ಕಿಲೋಮೀಟರ್ ದೂರದ ಹಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದೇನೆ. ಇಂಗ್ಲಿಷಿನಲ್ಲಿ ಓದಿ ತಿಳಿಯಬಲ್ಲೆ, ಮಾತು ಇನ್ನೂ ನಿಧಾನ. ನಮ್ಮದು ನಾಲ್ಕು ಎಕರೆ ಹೊಲ, ಒಂದು ಕೊಳವೆ ಬಾವಿ. ನಮ್ಮ ಭಾಗದ ಟಿ.ಸಿ. ಕಳೆದ ಬೇಸಿಗೆಯಲ್ಲಿ ಎರಡು ಸಾರಿ ಸುಟ್ಟಿತು. ಎರಡು ಸಾರಿಯೂ ರಾತ್ರಿ ವಿದ್ಯುತ್ತು ಬಂದ ಸ್ವಲ್ಪ ಹೊತ್ತಿಗೇ ಸುಟ್ಟಿತೆಂಬುದನ್ನು ಗಮನಿಸಿದ್ದೇನೆ. ಅದೇಕೆಂದು ತಿಳಿಯಬೇಕೆಂಬುದೇ ನನ್ನ ಆಸಕ್ತಿ.”

ಇದರಲ್ಲಿ ಒಂದೂ ವಿಶೇಷಣವಿಲ್ಲ, ರ‍್ಯಾಂಕು ಇಲ್ಲ, ಮಹತ್ತ್ವಾಕಾಂಕ್ಷೆಯ ಘೋಷಣೆಯಿಲ್ಲ. ಆದರೆ ಕೇಳಿದ ಅಧ್ಯಾಪಕರು ಸುಮ್ಮನಿರಲಾರರು. ಟಿ.ಸಿ.ಯ ಸಾಮರ್ಥ್ಯ ಎಷ್ಟು, ಅದರ ಮೇಲೆ ಎಷ್ಟು ಪಂಪುಗಳಿವೆ, ಆಟೋ ಸ್ಟಾರ್ಟರುಗಳು ಎಷ್ಟಕ್ಕಿವೆ ಎಂದು ಕೇಳುತ್ತಾರೆ. ಪ್ರತಿಯೊಂದು ಪಂಪನ್ನೂ ಹಿಂದಿನದಕ್ಕಿಂತ ಕೆಲವು ಕ್ಷಣ ತಡಮಾಡಿ ಹೊರಡಿಸಿದರೆ ಏನಾದೀತೆಂದು ಕೇಳಿದರೂ ಕೇಳಿಯಾರು. ತಿಳಿಯದಿದ್ದುದಕ್ಕೆ ತಿಳಿಯದೆಂದೇ ಉತ್ತರಿಸಿ, ಆ ಪ್ರಶ್ನೆಗಳನ್ನು ಅಲ್ಲಿಯೇ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ದಸರಾ ರಜೆಯಲ್ಲಿ ಊರಿಗೆ ಹೋದಾಗ ಪಂಪುಗಳನ್ನು ಎಣಿಸಿ, ಅವುಗಳ ಅಶ್ವಶಕ್ತಿಯನ್ನು ಬರೆದುಕೊಂಡು ಬರಬೇಕು. ಟಿ.ಸಿ.ಯ ಮೈಮೇಲಿನ ಫಲಕದಲ್ಲಿ ಅದರ ಕೆ.ವಿ.ಎ., ವೋಲ್ಟೇಜು, ತಯಾರಾದ ವರ್ಷ ಎಲ್ಲವೂ ಇರುತ್ತವೆ. ಅದನ್ನು ನೆಲದ ಮೇಲೆ ದೂರದಲ್ಲಿ ನಿಂತೇ ಓದಬೇಕು. ಕಾಣದಿದ್ದರೆ ಲೈನ್‌ಮನ್‌ನನ್ನು ಕೇಳಬೇಕು. ಕಂಬವನ್ನು ಮಾತ್ರ ಹತ್ತಬಾರದು.